ಹಿರಿಯ ಹಡಗು, ಕಿರಿಯ ದೋಣಿ

ಶಿವಮೊಗ್ಗೆಯ ಸವಳಂಗ ರಸ್ತೆಯವರಾದ ನಮಗೆ ಕಡಲು ದೂರ. ಆದರೂ ನಮ್ಮ ಜಿಲ್ಲೆಯ ಶರಾವತಿಯು ಹೊನ್ನಾವರದಲ್ಲಿ ಅದನ್ನು ಸೇರುವುದು. ೧೪೯೮ರಲ್ಲಿ ಆ ಹೊನ್ನಾವರದ ತಿಮ್ಮೋಜನು ಎಂಟು ದೋಣಿಗಳನ್ನು ಸೊಪ್ಪಿನಿಂದ ಮರೆಮಾಡಿ, ಅಂಜದೀವದ ಬಳಿಯಿದ್ದ ವಾಸ್ಕೋ ಡ ಗಾಮನ ಮೇಲೆ ಕಳುಹಿಸಿದನೆಂದು ಪೋರ್ಚುಗೀಸ್ ಚರಿತ್ರಕಾರರು ಬರೆದಿರುವರು. ಗಾಮನು ದೂರದಲ್ಲಿಯೇ ಗುರುತಿಸಿ ಫಿರಂಗಿ ಹಾರಿಸಲು, ಅವು ಚದುರಿದುವು.

ದೂರವೇ ಹಡಗಿನ ಕೋಟೆ. ೨೦೦೦ದಲ್ಲಿ ಏಡನ್ ಬಂದರಿನಲ್ಲಿ ಸಿಡಿಮದ್ದು ತುಂಬಿದ ಸಣ್ಣ ದೋಣಿಯೊಂದು ಪಕ್ಕಕ್ಕೆ ಬಂದು ಸಿಡಿಯಲು, ಅಮೆರಿಕದ ‘ಕೋಲ್’ ನೌಕೆಯ ೧೭ ನಾವಿಕರು ಮಡಿದರು. ಆದುದರಿಂದ ಯುದ್ಧನೌಕೆಯು ಸಮೀಪಿಸುವ ದೋಣಿಯನ್ನು ಮೊದಲು ರೇಡಿಯೋ, ಧ್ವನಿವರ್ಧಕಗಳಿಂದ ಎಚ್ಚರಿಸುವುದು, ಬಳಿಕ ಅದರ ಮುಂದಣ ನೀರಿಗೆ ಗುಂಡು ಹಾರಿಸುವುದು, ಕಟ್ಟಕಡೆಗೆ ದೋಣಿಗೆ.

ಆತುರವೂ ಅನರ್ಥವೇ. ೨೦೧೨ರಲ್ಲಿ ಕೇರಳದ ಕಡಲಿನಲ್ಲಿ, ತೈಲದ ಹಡಗನ್ನು ಕಾಯುತ್ತಿದ್ದ ಇಟಲಿಯ ನೌಕಾಭಟರು ಕಡಲ್ಗಳ್ಳರೆಂದು ಬಗೆದು ಹಾರಿಸಿದ ಗುಂಡಿಗೆ ಇಬ್ಬರು ಮೀನುಗಾರರು ಬಲಿಯಾದರು. ನಮ್ಮ ಕಾರವಾರದ ಮೀನುಗಾರರೂ ನೌಕಾನೆಲೆಯ ನೆರೆಯಲ್ಲಿಯೇ ಬಲೆ ಬೀಸುವರು. ಗುಂಡಿಗಿಂತ ಮೊದಲು ಗುರುತು ಬೇಕು.