ಶಕ್ತಿ ಬಂತು... ಸ್ವಾರಸ್ಯ ಎಲ್ಲಿ ಹೋಯ್ತು?

ನಾಲ್ಕು ಜನರ ಒಂದು ಸಂಸಾರ. ಅಪ್ಪ ಹಾರಿ ಬಂದ ಗುಂಡನ್ನು ಅಂಗೈಯಲ್ಲಿ ಹಿಡಿಯುತ್ತಾನೆ! ಅಮ್ಮ ಕಣ್ಣು ಮಿಟುಕಿಸುವಷ್ಟರಲ್ಲಿ ಊರಿನ ಆ ತುದಿ ಮುಟ್ಟುತ್ತಾಳೆ! ಮಗಳಿಗೆ ಎದುರಿಗಿದ್ದವರ ಮನಸ್ಸಿನೊಳಗಿನ ಮಾತು ಕೇಳಿಸುತ್ತದೆ! ಪರೀಕ್ಷೆಯೆಂದರೆ ನಡುಗುತ್ತಿದ್ದ ಮಗ ಇದ್ದಕ್ಕಿದ್ದಂತೆ ಮಹಾಮೇಧಾವಿ!

ಇನ್ನೇನು ಬೇಕು ಹೇಳಿ, ನಮ್ಮಂಥ ಸೂಪರ್‌ಹೀರೋ ಹುಚ್ಚರಿಗೆ?

2010ರಲ್ಲಿ ಅಮೆರಿಕದ ಎಬಿಸಿ ವಾಹಿನಿಯಲ್ಲಿ ‘ನೋ ಆರ್ಡಿನರಿ ಫ್ಯಾಮಿಲಿ’ ಎಂಬ ಹೊಸ ಧಾರಾವಾಹಿ ಬರಲಿದೆ ಎಂದು ಸುದ್ದಿ ಬಂದಾಗ ನನಗಂತೂ ನಿದ್ದೆ ಹತ್ತಲಿಲ್ಲ ಕಣ್ರೀ. ಗಾಂಧಿನಗರದಲ್ಲಿ ದೊಡ್ಡ ಚಿತ್ರವೊಂದರ ಕಟೌಟು ಏಳುವಾಗ ಎದೆ ಹೊಡೆದುಕೊಳ್ಳುತ್ತದಲ್ಲ, ಅದೇ ಹಾಗೇ ಹೊಡೆದುಕೊಂಡಿತು. ಆಗ ನನ್ನದು ಇಪ್ಪತ್ತಮೂರರ ಪ್ರಾಯ. ಕೆಲಸವಿಲ್ಲ. ಸಮಯ ಬೇಕಾದಷ್ಟಿತ್ತು!

ನಿರೀಕ್ಷೆ ಯಾಕೆ ಅಷ್ಟೊಂದು?

ಕಾರಣಗಳಿದ್ದವು. ಎನ್‌ಬಿಸಿಯ ‘ಹೀರೋಸ್’ ಧಾರಾವಾಹಿ 2006ರಲ್ಲಿ ಭರ್ಜರಿಯಾಗಿ ಶುರುವಾಗಿ 2010ರಲ್ಲಿ ನಾಲ್ಕನೇ ಸರಣಿಗೆ ಉಸಿರು ಬಿಟ್ಟಿತ್ತು. ಅಭಿಮಾನಿಗಳ ಎಲೆ ಖಾಲಿ. ಯಾರು ಬಡಿಸುತ್ತಾರೆ ಎಂದು ಎಲ್ಲರೂ ಕಾಯುತ್ತಿದ್ದರು.

ಎರಡನೆಯದು ತಾರಾಗಣ. ಅಪ್ಪ ಜಿಮ್ ಪೊವೆಲ್ ಆಗಿ ಮೈಕೆಲ್ ಚಿಕ್ಲಿಸ್! ‘ದಿ ಶೀಲ್ಡ್’ನಲ್ಲಿ ಕಾನೂನು ಮುರಿಯುವ ಪೊಲೀಸಿನವನಾಗಿ ಅಬ್ಬರಿಸಿ 2002ರಲ್ಲಿ ಎಮ್ಮಿ ಪ್ರಶಸ್ತಿ ಗೆದ್ದ ಬೋಳುತಲೆಯ ಭೂಪತಿ. 2005 ಮತ್ತು 2007ರ ‘ಫೆಂಟಾಸ್ಟಿಕ್ ಫೋರ್’ ಚಿತ್ರಗಳಲ್ಲಿ ಕಲ್ಲುಮೈಯ ‘ಥಿಂಗ್’ ಆಗಿದ್ದವನೂ ಈತನೇ. ಅಮ್ಮ ಸ್ಟೆಫನಿಯಾಗಿ ಜೂಲಿ ಬೆಂಜ್. ‘ಡೆಕ್ಸ್‌ಟರ್’ನಲ್ಲಿ ಈಕೆಯ ಪಾತ್ರವನ್ನು 2009ರಲ್ಲಿ ಸಾಯಿಸಿದಾಗ ಎಷ್ಟು ಜನ ಹಲ್ಲು ಕಡಿದಿದ್ದರೋ! ಮಗಳು ಡ್ಯಾಫ್ನೆಯಾಗಿ ಕೇ ಪನಬೇಕರ್, ಮಗ ಜೆಜೆಯಾಗಿ ಜಿಮ್ಮಿ ಬೆನೆಟ್.

ಮೂರನೆಯದೇ ದೊಡ್ಡದು. 1961ರಲ್ಲಿ ಸ್ಟ್ಯಾನ್ ಲೀ, ಜ್ಯಾಕ್ ಕಿರ್ಬಿ ಸೇರಿ ‘ಫೆಂಟಾಸ್ಟಿಕ್ ಫೋರ್’ ಕಾಮಿಕ್ಸ್ ತಂದಾಗಿನಿಂದ, ಸಂಸಾರವೂ ಇರಬೇಕು ಸಾಹಸವೂ ಇರಬೇಕು ಎಂಬ ರುಚಿ ಜನರಿಗೆ ಹತ್ತಿತ್ತು. 2004ರಲ್ಲಿ ಪಿಕ್ಸಾರ್‌ನ ‘ದಿ ಇನ್‌ಕ್ರೆಡಿಬಲ್ಸ್’ ಆ ರುಚಿಯನ್ನು ನೆತ್ತಿಗೇರಿಸಿತು. ಗೊಂಬೆಚಿತ್ರದಲ್ಲೇ ಇಷ್ಟು ಮಜವಿದ್ದರೆ, ರಕ್ತಮಾಂಸದ ಮನುಷ್ಯರು ವಾರವಾರವೂ ಮನೆಗೇ ಬಂದರೆ ಹೇಗಿರಬೇಡ?

ಮೊದಲ ಆಟಕ್ಕೆ ಹೌಸ್‌ಫುಲ್!

2010ರ ಸೆಪ್ಟೆಂಬರ್ 28, ಮಂಗಳವಾರ ರಾತ್ರಿ ಎಂಟು ಗಂಟೆ. ಅಮೆರಿಕದಲ್ಲಿ ಒಂದು ಕೋಟಿಗೂ ಹೆಚ್ಚು ಜನ ಮೊದಲ ಕಂತು ನೋಡಿದರು. ಅಲ್ಲಿ ಕೆಲಸದಲ್ಲಿದ್ದ ನನ್ನ ಚಿಕ್ಕಪ್ಪನ ಮಗ ಮಾರನೇ ದಿನವೇ ಫೋನ್ ಮಾಡಿ, “ಲೋ, ನೀನು ಇದನ್ನ ನೋಡ್ಲೇಬೇಕು ಕಣೋ” ಎಂದು ಹೊಟ್ಟೆ ಉರಿಸಿದ. ಡಿಸೆಂಬರಿನಲ್ಲಿ ಊರಿಗೆ ಬಂದಾಗ ಅವನ ಲ್ಯಾಪ್‌ಟಾಪ್‌ನಲ್ಲಿ ಮೊದಲ ಕೆಲವು ಕಂತುಗಳಿದ್ದವು. ನಡುಮನೆಯಲ್ಲಿ ಹಾಕಿಕೊಂಡು ಕೂತೆವು.

ಕಥೆ ಹೀಗೆ: ಜಿಮ್ ಪೊಲೀಸ್ ಇಲಾಖೆಯಲ್ಲಿ ಅಪರಾಧಿಗಳ ಚಹರೆ ಬರೆಯುವ ಚಿತ್ರಕಾರ. ಹೆಂಡತಿ ದೊಡ್ಡ ವಿಜ್ಞಾನಿ, ಮನೆಗೆ ಬರಲು ಪುರುಸೊತ್ತಿಲ್ಲ. ಮಕ್ಕಳು ತಂತಮ್ಮ ಲೋಕದಲ್ಲಿ. ಒಂದೇ ಸೂರಿನಡಿ ನಾಲ್ಕು ಬೇರೆ ಬೇರೆ ಮನೆ! ಎಲ್ಲರನ್ನೂ ಕೂಡಿಸೋಣವೆಂದು ಹೆಂಡತಿಯ ಕೆಲಸದ ನೆಪದಲ್ಲಿ ಬ್ರೆಜಿಲ್‌ಗೆ ಹೊರಟರೆ, ಅಮೆಜಾನ್ ಕಾಡಿನ ನೀರಿಗೆ ವಿಮಾನ ಬೀಳುತ್ತದೆ. ಆ ನೀರಿನಲ್ಲಿ ಏನೋ ಹೊಳಪು. ಊರಿಗೆ ಮರಳಿದ ಮೇಲೆ ಒಬ್ಬೊಬ್ಬರಿಗೂ ಒಂದೊಂದು ಶಕ್ತಿ.

ನಾವಿಬ್ಬರೂ ಸಿಳ್ಳೆ ಹೊಡೆಯುತ್ತಿದ್ದೆವು. ಹಿಂದೆ ಕುರ್ಚಿಯಲ್ಲಿ ಅಪ್ಪ. ಅವರಿಗೆ ಇಂಗ್ಲಿಷ್ ಅಷ್ಟಕ್ಕಷ್ಟೆ. ಆಗಷ್ಟೇ ನಿವೃತ್ತರಾಗಿದ್ದರು. ನನಗೆ ಕೆಲಸವಿಲ್ಲವೆಂಬ ಕೊರಗಿನಲ್ಲಿ ನಮ್ಮಿಬ್ಬರ ನಡುವೆ ಮಾತು ಕಡಿಮೆಯಾಗಿ ವರ್ಷವೇ ಆಗಿತ್ತು. ಕಂತು ಮುಗಿದಾಗ ಕೇಳಿದರು:

“ಅಲ್ವೋ, ಇಷ್ಟೆಲ್ಲಾ ಶಕ್ತಿ ಬಂದ್ಮೇಲಾದ್ರೂ ಆ ಮನೇಲಿ ಎಲ್ಲಾರೂ ಕೂತ್ಕೊಂಡು ಮಾತಾಡ್ತಾರೇನೋ?”

“ಅಯ್ಯೋ ಸುಮ್ನಿರಪ್ಪ, ಫೈಟಿಂಗ್ ಇನ್ಮೇಲೆ ಬರುತ್ತೆ” ಅಂದೆ. ಅಪ್ಪ ಎದ್ದು ಒಳಗೆ ಹೋದರು.

ಗಾಳಿ ಇಳಿದ ಬಲೂನು

ಫೈಟಿಂಗ್ ಬಂತೇ? ಬಂತು... ಹೋಯಿತು. ವಾರಕ್ಕೊಬ್ಬ ಕಳ್ಳ, ವಾರದ ಕೊನೆಗೆ ಅವನಿಗೆ ಬೇಡಿ. ಕಂತಿನ ಆದಿಯಲ್ಲಿ ಮನೆಯಲ್ಲೊಂದು ಸಣ್ಣ ಮುನಿಸು, ಅಂತ್ಯದಲ್ಲಿ ರಾಜಿ. ಜೆಜೆಯ ಮೇಧಾಶಕ್ತಿ ಶಾಲೆಯ ಲೆಕ್ಕಕ್ಕೆ, ಫುಟ್‌ಬಾಲ್ ಮೈದಾನಕ್ಕೆ ಖರ್ಚಾಯಿತು. ಅಸಲಿ ಖಳನಾಯಕ ಸ್ಟೆಫನಿಯ ಯಜಮಾನ ಡಾಕ್ಟರ್ ಕಿಂಗ್ ಎಂಬುದು ನೋಡುವವರಿಗೆ ಬೇಗನೆ ಗೊತ್ತಾಯಿತು. ಪಾಪ, ಮನೆಯವರಿಗೆ ಗೊತ್ತಾಗುವಷ್ಟರಲ್ಲಿ ನಮ್ಮ ತಾಳ್ಮೆ ಮುಗಿದಿತ್ತು!

ಎದುರಾಳಿಗಳೂ ಸಾಮಾನ್ಯರಲ್ಲ. ಅದೇ ಹೊತ್ತಿಗೆ ಸಿಬಿಎಸ್‌ನಲ್ಲಿ ‘ಎನ್‌ಸಿಐಎಸ್’, ಫಾಕ್ಸ್‌ನಲ್ಲಿ ‘ಗ್ಲೀ’. ಎರಡು ಆನೆಗಳ ನಡುವೆ ಕುರಿಮರಿ ಬಿಟ್ಟಂತಾಯಿತು. 2011ರ ಏಪ್ರಿಲ್ 5ಕ್ಕೆ ಇಪ್ಪತ್ತನೇ ಕಂತು ಬರುವ ಹೊತ್ತಿಗೆ ನೋಡುವವರು ಅರ್ಧಕ್ಕಿಂತ ಕೆಳಗೆ ಇಳಿದಿದ್ದರು. ಆ ಕಂತಿನ ಹೆಸರಿನಲ್ಲಿ ‘ಬಿಗಿನಿಂಗ್’ ಎಂದಿತ್ತು, ಅಂದರೆ ಆರಂಭ! ಮೇ ತಿಂಗಳಲ್ಲಿ ಎಬಿಸಿ ಬಾಗಿಲು ಹಾಕಿತು.

“ಸಂಸಾರ ಜಾಸ್ತಿ ಆಯ್ತು, ಹೊಡೆದಾಟ ಕಮ್ಮಿ ಆಯ್ತು, ಅದಕ್ಕೇ ಬಿದ್ದೋಯ್ತು.” ಆಗ ನಾನು ಕೊಟ್ಟ ತೀರ್ಪು ಇದು. ಎಷ್ಟೋ ವರ್ಷ ಇದನ್ನೇ ಹೇಳಿಕೊಂಡು ತಿರುಗಿದೆ.

ತೀರ್ಪು ತಪ್ಪಾಗಿತ್ತು!

ಆ ಧಾರಾವಾಹಿಯನ್ನು ಹುಟ್ಟುಹಾಕಿದ್ದು ಗ್ರೆಗ್ ಬರ್ಲಾಂಟಿ ಮತ್ತು ಜಾನ್ ಹಾರ್ಮನ್ ಫೆಲ್ಡ್‌ಮನ್. ಬರ್ಲಾಂಟಿ ಸೋತು ಕೂರುವ ಆಸಾಮಿಯಲ್ಲ. 2012ರಲ್ಲಿ ‘ಆ್ಯರೋ’, 2014ರಲ್ಲಿ ‘ದಿ ಫ್ಲ್ಯಾಶ್’ ತಂದ. 2021ರ ಫೆಬ್ರವರಿ 23ರಂದು ಟಾಡ್ ಹೆಲ್ಬಿಂಗ್ ಜೊತೆಗೂಡಿ ಮತ್ತೆ ಸಂಸಾರಕ್ಕೇ ಕೈಹಾಕಿದ: ‘ಸೂಪರ್‌ಮ್ಯಾನ್ ಅಂಡ್ ಲೋಯಿಸ್’. ಟೈಲರ್ ಹೆಕ್ಲಿನ್ ಸೂಪರ್‌ಮ್ಯಾನ್, ಬಿಟ್ಸಿ ಟಲಕ್ ಲೋಯಿಸ್.

ಇಲ್ಲಿ ಮೊದಲ ಕಂತಿನಲ್ಲೇ ಕ್ಲಾರ್ಕ್ ಕೆಲಸ ಕಳೆದುಕೊಳ್ಳುತ್ತಾನೆ, ತಾಯಿ ಸಾಯುತ್ತಾಳೆ. ಸೂಪರ್‌ಮ್ಯಾನ್ ಆಗಿದ್ದೂ ಉಳಿಸಿಕೊಳ್ಳಲಾಗಲಿಲ್ಲ! ಊರಿನ ಹೊಲಮನೆಗೆ ಸಂಸಾರ ಬರುತ್ತದೆ. ಅವಳಿ ಗಂಡುಮಕ್ಕಳಲ್ಲಿ ಒಬ್ಬನಿಗೆ ಶಕ್ತಿ ಬರುತ್ತದೆ, ಇನ್ನೊಬ್ಬನಿಗೆ ಆಗ ಬರುವುದಿಲ್ಲ. ಒಂದೇ ತಟ್ಟೆಯಲ್ಲಿ ಉಂಡ ಅಣ್ಣತಮ್ಮಂದಿರ ಹೊಟ್ಟೆಕಿಚ್ಚಿಗೆ ಯಾವ ಗುದ್ದು ಮದ್ದು? 2023ರ ಮೂರನೇ ಸರಣಿಯಲ್ಲಿ ಲೋಯಿಸ್‌ಗೆ ಸ್ತನ ಕ್ಯಾನ್ಸರ್. ಗೋಡೆಯಾಚೆ ನೋಡುವ ಕಣ್ಣಿದೆ, ಬೆಟ್ಟ ಎತ್ತುವ ತೋಳಿದೆ. ಆದರೂ ಆ ಗಂಡ ಹೆಂಡತಿಯ ಪಕ್ಕ ಕೈ ಹಿಡಿದು ಕೂರುವುದಷ್ಟನ್ನೇ ಮಾಡಬಲ್ಲ.

ಆ ದೃಶ್ಯಗಳನ್ನು ನೋಡುವಾಗ ನನಗೆ ಅಪ್ಪನ ಪ್ರಶ್ನೆ ನೆನಪಾಯಿತು. ಇಲ್ಲಿ ಕೂತು ಮಾತಾಡುತ್ತಿದ್ದರು! ಆ ಹೊತ್ತಿಗೆ ಅಪ್ಪ ತೀರಿಕೊಂಡು ಏಳು ವರ್ಷ. ಆವತ್ತು ಅವರು ಕೇಳಿದ್ದು ಬರೀ ಪೊವೆಲ್ ಮನೆಯ ವಿಚಾರವಲ್ಲ ಎಂಬುದು ನನ್ನ ದಪ್ಪ ತಲೆಗೆ ಹೊಳೆದಿದ್ದು ಆಗಲೇ. ಕಥೆಯ ಗುಟ್ಟನ್ನು ಮೊದಲ ದಿನವೇ ಹಿಡಿದವರು ಅವರು. ಅಭಿಮಾನಿಯಾಗಿದ್ದ ನಾನು ಗುದ್ದಾಟ ಎಣಿಸುತ್ತಿದ್ದೆ.

‘ನೋ ಆರ್ಡಿನರಿ ಫ್ಯಾಮಿಲಿ’ ಸೋತದ್ದು ಸಂಸಾರ ಜಾಸ್ತಿಯಾಗಿ ಅಲ್ಲ. ಆ ಸಂಸಾರಕ್ಕೆ ಬಂದ ಕಷ್ಟ ಸಾಲದೆ! ಮೊದಲ ಕಂತಿನಲ್ಲಿ ಮಾತಿಲ್ಲದ ಮನೆ ತೋರಿಸಿದರು, ಆಮೇಲೆ ವಾರವಾರವೂ ಸುಲಭದ ರಾಜಿ ಮಾಡಿಸಿದರು. ‘ಸೂಪರ್‌ಮ್ಯಾನ್ ಅಂಡ್ ಲೋಯಿಸ್’ ನಾಲ್ಕು ಸರಣಿ, 53 ಕಂತು ಓಡಿ 2024ರ ಡಿಸೆಂಬರ್ 2ರಂದು ಮುಗಿಯಿತು. ಕಣ್ಣೊರೆಸಿಕೊಂಡೇ ಟಿವಿ ಆರಿಸಿದೆ.

ಅಭಿಮಾನಿ ಮಿತ್ರರೇ, ಸೂಪರ್‌ಹೀರೋ ಸಂಸಾರದ ಹೊಸ ಧಾರಾವಾಹಿ ಇನ್ನೂ ಬರುತ್ತವೆ, ಟ್ರೇಲರ್ ನೋಡಿ ನೀವೂ ಕುಣಿಯುತ್ತೀರಿ. ಕುಣಿಯಿರಿ, ಬೇಡ ಅನ್ನಲು ನಾನ್ಯಾರು? ಆದರೆ ಯಾರಿಗೆ ಯಾವ ಶಕ್ತಿ ಎಂದು ಕೇಳಿದ ಮೇಲೆ ಇನ್ನೊಂದು ಕೇಳಿ: ಆ ಶಕ್ತಿಯಿಂದ ಆಗದೇ ಇರುವುದು ಏನು? ಅದಕ್ಕೆ ಉತ್ತರವಿದ್ದರೆ ಕಥೆ ಗೆದ್ದಂತೆ.

ಹಾಗೇ, ನೋಡುವಾಗ ಅಪ್ಪನನ್ನೂ ಪಕ್ಕಕ್ಕೆ ಕೂರಿಸಿಕೊಳ್ಳಿ. ಏನಾದರೂ ಕೇಳಿದರೆ “ಸುಮ್ನಿರಪ್ಪ” ಅನ್ನಬೇಡಿ.