ಪರಮಪ್ರಸಾದದ ಸನ್ನಿಧಿಯೂ ಪರಸೇವೆಯೂ

ನಮ್ಮ ಶಾಲೆಯ ದಿನಚರಿಯಲ್ಲಿ ಪ್ರಾರ್ಥನಾಲಯಕ್ಕೆ ಮೀಸಲಾದ ವೇಳೆಯನ್ನು ಕುರಿತು ಕೆಲವರು ಪೋಷಕರು ಸದ್ಭಾವದಿಂದಲೇ ಒಂದು ಪ್ರಶ್ನೆಯನ್ನು ಕೇಳುವುದುಂಟು. ಹಸಿದವನಿಗೆ ಅನ್ನವನ್ನೂ ರೋಗಿಗೆ ಔಷಧವನ್ನೂ ಕೊಡುವುದೇ ಧರ್ಮವಾಗಿರುವಲ್ಲಿ, ಮೌನವಾಗಿ ಮೊಣಕಾಲೂರಿ ಕುಳಿತಿರುವುದರಿಂದ ಬಡವರಿಗೆ ಆಗುವ ಪ್ರಯೋಜನವೇನು? ಈಗ ಸಂಸಾರಭಾರವನ್ನು ಹೊತ್ತಿರುವ ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿಯೂ ಅನೇಕರು, ಕೆಲಸವೇ ನಮಗೆ ಪ್ರಾರ್ಥನೆ, ಬೇರೆ ಹೊತ್ತೆಲ್ಲಿ ಎಂದು ಹೇಳುತ್ತಾರೆ. ಪ್ರಶ್ನೆಯು ಯೋಗ್ಯವಾದುದು; ಆದಕಾರಣ ಅದಕ್ಕೆ ತಕ್ಕ ಉತ್ತರವನ್ನು ಕೊಡುವುದು ಕರ್ತವ್ಯವಾಗಿದೆ.

ಮೊದಲು ಕಥೋಲಿಕರ ವಿಶ್ವಾಸವೇನೆಂಬುದನ್ನು ಅರಿಯಬೇಕು. ಯೇಸುಸ್ವಾಮಿಯು ತನ್ನ ಮರಣದ ಹಿಂದಿನ ರಾತ್ರಿ ಶಿಷ್ಯರೊಡನೆ ಭೋಜನಕ್ಕೆ ಕುಳಿತು, ರೊಟ್ಟಿಯನ್ನೂ ದ್ರಾಕ್ಷಾರಸವನ್ನೂ ತನ್ನ ಶರೀರವಾಗಿಯೂ ರಕ್ತವಾಗಿಯೂ ಅವರಿಗೆ ಕೊಟ್ಟನು. ಪೂಜೆಯಲ್ಲಿ ಅರ್ಪಿತವಾದ ಪರಮಪ್ರಸಾದದಲ್ಲಿ ಆತನು ನಿಜವಾಗಿಯೂ ಪ್ರಸನ್ನನಾಗಿರುವನೆಂದು ಧರ್ಮಸಭೆಯು ನಂಬುತ್ತದೆ. ಅದನ್ನು ದೇವಾಲಯದ ಪವಿತ್ರ ಪೆಟ್ಟಿಗೆಯಲ್ಲಿಟ್ಟು, ಬಳಿಯಲ್ಲಿ ಹಗಲಿರುಳೂ ದೀಪವನ್ನು ಉರಿಸುತ್ತಾರೆ. ಆ ಸನ್ನಿಧಿಯಲ್ಲಿ ಮೌನವಾಗಿರುವುದೇ ಆರಾಧನೆ. ಅದೇ ರಾತ್ರಿ ಸ್ವಾಮಿಯು ನಡುವಿಗೆ ಬಟ್ಟೆಯನ್ನು ಕಟ್ಟಿಕೊಂಡು ಶಿಷ್ಯರ ಪಾದಗಳನ್ನು ತೊಳೆದನೆಂಬುದನ್ನೂ ನಾವು ಮರೆಯಲಾಗದು. ಪವಿತ್ರ ಗುರುವಾರದಂದು ಈ ಎರಡನ್ನೂ ಒಟ್ಟಿಗೆ ಸ್ಮರಿಸುತ್ತೇವೆ. ಪ್ರಸಾದವೂ ಪಾದಸೇವೆಯೂ ಒಂದೇ ರಾತ್ರಿಯ ಕೊಡುಗೆಗಳು. ಅವುಗಳನ್ನು ಅಗಲಿಸಿದರೆ ಎರಡೂ ಕುಂದುವುವು.

ಇದಕ್ಕೆ ಸಂತ ದಾಮಿಯನರ ಜೀವನವೇ ನಿದರ್ಶನ. ಬೆಲ್ಜಿಯಂ ದೇಶದ ಟ್ರೆಮೆಲೊ ಗ್ರಾಮದಲ್ಲಿ 1840ನೆಯ ಇಸವಿಯಲ್ಲಿ ಜನಿಸಿದ ಇವರು, ಪರಮಪ್ರಸಾದದ ಆರಾಧನೆಯನ್ನು ಮುಖ್ಯ ವ್ರತವಾಗಿಟ್ಟುಕೊಂಡ ಪವಿತ್ರ ಹೃದಯಗಳ ಸಭೆಯನ್ನು ಸೇರಿ, 1864ರಲ್ಲಿ ಹವಾಯಿ ದ್ವೀಪಗಳಲ್ಲಿ ಗುರುಪಟ್ಟವನ್ನು ಪಡೆದರು. ಆ ರಾಜ್ಯದ ಸರಕಾರವು 1865ರ ಶಾಸನದ ಮೇರೆಗೆ ಕುಷ್ಠರೋಗಪೀಡಿತರನ್ನು ಮನೆಮಠಗಳಿಂದ ಬೇರ್ಪಡಿಸಿ ಮೊಲೊಕಾಯಿ ದ್ವೀಪದ ಒಂದು ಭೂಶಿರಕ್ಕೆ ಸಾಗಿಸುತ್ತಿತ್ತು. ಮೂರು ಕಡೆ ಸಮುದ್ರ, ನಾಲ್ಕನೆಯ ಕಡೆ ಏರಲಾಗದ ಬಂಡೆಯ ಗೋಡೆ. ಅಲ್ಲಿಗೆ ಸರದಿಯ ಮೇಲೆ ಹೋಗಿಬರಲು ನಾಲ್ವರು ಗುರುಗಳು ಮುಂದೆ ಬಂದರು. 1873ನೆಯ ಇಸವಿ ಮೇ 10ನೆಯ ತಾರೀಖಿನಲ್ಲಿ ಮೊದಲು ಹೋದವರು ದಾಮಿಯನರು. ಅವರು ಹಿಂತಿರುಗಲೇ ಇಲ್ಲ.

ಹದಿನಾರು ವರ್ಷಗಳ ಕಾಲ ಅವರು ಹುಣ್ಣುಗಳನ್ನು ತೊಳೆದು ಕಟ್ಟಿದರು, ಮನೆಗಳನ್ನು ನಿರ್ಮಿಸಿದರು, ನೀರಿನ ಕೊಳವೆಗಳನ್ನು ಹಾಕಿಸಿದರು, ಅನಾಥ ಮಕ್ಕಳನ್ನು ಸಲಹಿದರು. ಸತ್ತವರಿಗೆ ತಮ್ಮ ಕೈಯಿಂದಲೇ ಪೆಟ್ಟಿಗೆಗಳನ್ನು ಮಾಡಿ ಗೋರಿಗಳನ್ನು ತೋಡಿದರು. ಇಷ್ಟನ್ನು ಮಾಡಿದ ಮನುಷ್ಯನಿಗೆ ಸಂಗಾತಿಗಳು ಬಹುಕಾಲ ಇರಲಿಲ್ಲ. ಒಮ್ಮೆ ಅವರ ಮೇಲಧಿಕಾರಿಗಳು ಹಡಗಿನಲ್ಲಿ ಬಂದಾಗ ದಡಕ್ಕಿಳಿಯಲು ಅಪ್ಪಣೆಯಾಗಲಿಲ್ಲ. ದಾಮಿಯನರು ಸಣ್ಣ ದೋಣಿಯಲ್ಲಿ ನಿಂತು, ಹಡಗಿನ ಮೇಲಿದ್ದ ಗುರುವಿಗೆ ಕೇಳುವಂತೆ ಕೂಗಿ ಪಾಪನಿವೇದನೆ ಮಾಡಿದರು. ಇಂತಹ ಒಂಟಿತನದಲ್ಲಿ ತಮ್ಮನ್ನು ಉಳಿಸಿದ ಬಲವು ಯಾವುದೆಂದು ಅವರ ಪತ್ರಗಳಿಂದ ತಿಳಿದುಬರುತ್ತದೆ. ತಮ್ಮ ಪುಟ್ಟ ದೇವಾಲಯದಲ್ಲಿ ಸ್ವಾಮಿಯ ಸಾನ್ನಿಧ್ಯವಿಲ್ಲದಿದ್ದರೆ ತಾವು ಅಲ್ಲಿ ನಿಲ್ಲಲಾರದೆ ಹೋಗುತ್ತಿದ್ದೆವೆಂಬುದು ಅವುಗಳ ತಾತ್ಪರ್ಯ.

ಪ್ರಾರ್ಥನೆಯು ಅವರಲ್ಲಿ ಮಾಡಿದ ಕಾರ್ಯವನ್ನು ವಿಚಾರಿಸಿ ನೋಡೋಣ. ಕನಿಕರವೆಂಬುದು ಬೇಗ ಹುಟ್ಟಿ ಬೇಗ ಬತ್ತುವ ಒರತೆ. ದುರ್ಗಂಧ, ಕೃತಘ್ನತೆ, ಆಯಾಸ ಇವುಗಳೆದುರು ಬರಿಯ ಕನಿಕರವು ಎಷ್ಟು ದಿನ ನಿಂತೀತು? ದಿನದಿನವೂ ಪೀಠದ ಮುಂದೆ ಕುಳಿತವರು ತಮ್ಮ ಬಲದಿಂದಲ್ಲ, ಪಡೆದುಕೊಂಡ ಬಲದಿಂದ ಕೆಲಸಮಾಡುವರು. ಎರಡನೆಯದಾಗಿ, ಪ್ರಾರ್ಥನೆಯು ಕಣ್ಣನ್ನು ತಿದ್ದುವುದು. ದಾಮಿಯನರು ರೋಗಿಗಳಲ್ಲಿಯೂ ಆರಾಧನೆಯ ಕ್ರಮವನ್ನು ಏರ್ಪಡಿಸಿ, ಅವರೇ ಸರದಿಯಂತೆ ಸನ್ನಿಧಿಯಲ್ಲಿ ಪ್ರಾರ್ಥಿಸುವಂತೆ ಮಾಡಿದರು. ಲೋಕದಿಂದ ತಳ್ಳಲ್ಪಟ್ಟವರು ಭಿಕ್ಷೆಯನ್ನು ಪಡೆಯುವವರು ಮಾತ್ರವಾಗಿ ಉಳಿಯದೆ, ಲೋಕಕ್ಕಾಗಿ ಬೇಡಿಕೊಳ್ಳುವವರೂ ಆದರು. ಸೇವೆಗೆ ಗೌರವವು ಕೂಡಿದ್ದು ಹೀಗೆ. ಕಡೆಗೆ ಅದೇ ರೋಗವು ತಮಗೂ ಅಂಟಿ, 1889ನೆಯ ಇಸವಿ ಏಪ್ರಿಲ್ 15ರಂದು, 49ನೆಯ ವಯಸ್ಸಿನಲ್ಲಿ, ಅವರು ತಮ್ಮ ಜನರ ಮಧ್ಯದಲ್ಲಿಯೇ ಪ್ರಾಣವನ್ನೊಪ್ಪಿಸಿದರು.

ಆದರೆ ಭಕ್ತಿಯು ಎಚ್ಚರಿಕೆಯನ್ನು ಬಿಡಹೇಳುವುದೆಂದು ಯಾರೂ ತಿಳಿಯಬಾರದು. ಅಮೆರಿಕದ ಸಿರಾಕ್ಯೂಸ್ ಪಟ್ಟಣದಿಂದ 1883ರಲ್ಲಿ ಆರು ಮಂದಿ ಕನ್ಯಾಸ್ತ್ರೀಯರೊಡನೆ ಹವಾಯಿಗೆ ಬಂದ ಫ್ರಾನ್ಸಿಸ್ಕನ್ ಮಾತೆ ಮರಿಯಾನ್ನೆ ಕೋಪ್ ಅವರು, 1888ರಲ್ಲಿ ಮೊಲೊಕಾಯಿಗೆ ಹೋಗಿ ಅಲ್ಲಿಯ ಸ್ತ್ರೀಯರನ್ನೂ ಬಾಲಿಕೆಯರನ್ನೂ ಪೋಷಿಸಿದರು. ಕೈ ತೊಳೆಯುವುದು ಮೊದಲಾದ ನಿಯಮಗಳನ್ನು ಬಲು ಕಟ್ಟುನಿಟ್ಟಾಗಿ ನಡೆಸಿದರು. 1918ರಲ್ಲಿ ತೀರಿಕೊಳ್ಳುವ ವರೆಗೂ ರೋಗವು ಅವರನ್ನು ಮುಟ್ಟಲಿಲ್ಲ. ಮೊಣಕಾಲೂರುವುದೂ ಸಾಬೂನು ಹಚ್ಚುವುದೂ ಒಂದೇ ಪ್ರೀತಿಯ ಎರಡು ಕೆಲಸಗಳೆಂದು ಆ ತಾಯಿಯು ತೋರಿಸಿಕೊಟ್ಟರು.

ನಮ್ಮ ನಾಡಿನಲ್ಲಿಯೂ ಇಂತಹ ಸೇವೆಯು ಬೇರೂರಿದೆ. ಜೆಸ್ವಿತ್ ಗುರುಗಳಾದ ಅಗಸ್ಟಸ್ ಮುಲ್ಲರ್ ಅವರು 1880ರಲ್ಲಿ ಮಂಗಳೂರಿನಲ್ಲಿ ಬಡವರಿಗೆ ಹೋಮಿಯೋಪತಿ ಔಷಧವನ್ನು ಕೊಡಲಾರಂಭಿಸಿ, 1890ರಲ್ಲಿ, ಎಂದರೆ ದಾಮಿಯನರು ತೀರಿಕೊಂಡ ಮರುವರ್ಷ, ಕಂಕನಾಡಿಯಲ್ಲಿ ಕುಷ್ಠರೋಗಿಗಳಿಗೆ ಆಶ್ರಯಸ್ಥಾನವನ್ನು ತೆರೆದರು. ಇನ್ನು ಕಲ್ಕತ್ತೆಯ ಮದರ್ ತೆರೇಸರ ಸಭೆಯಲ್ಲಿ ಬಡವರ ಕೆಲಸವು ಮಿತಿಮೀರಿದ್ದಾಗಲೇ, 1973ರಿಂದ ಪ್ರತಿದಿನವೂ ಒಂದು ಗಂಟೆಯ ಆರಾಧನೆಯನ್ನು ನಿಯಮವಾಗಿ ಸೇರಿಸಲಾಯಿತು. ಕೆಲಸ ಹೆಚ್ಚಾದಷ್ಟೂ ಪ್ರಾರ್ಥನೆ ಹೆಚ್ಚಾಗಬೇಕೆಂಬುದು ಅವರು ಕಂಡುಕೊಂಡ ಲೆಕ್ಕ.

ಇಂದು ಕುಷ್ಠರೋಗವು ಔಷಧದಿಂದ ಪೂರ್ಣವಾಗಿ ಗುಣವಾಗುವ ರೋಗ. ಹವಾಯಿಯ ಪ್ರತ್ಯೇಕವಾಸದ ಕಾನೂನು 1969ರಲ್ಲಿಯೇ ರದ್ದಾಯಿತು. ಆದರೂ ಮುಟ್ಟಲು ಹೇಸುವ ಮನಸ್ಸು ಇನ್ನೂ ಗುಣವಾಗಿಲ್ಲ. ಹಾಸಿಗೆ ಹಿಡಿದ ಅತ್ತೆ, ಬುದ್ಧಿಮಾಂದ್ಯದ ಮಗು, ಮನೆಗೆಲಸದ ಮುದುಕಿ, ಇವರೇ ನಮ್ಮ ಮೊಲೊಕಾಯಿ.

ದಾಮಿಯನರ ಪಾರ್ಥಿವ ಶರೀರವನ್ನು 1936ರಲ್ಲಿ ಬೆಲ್ಜಿಯಂಗೆ ಒಯ್ದರು. ಮೊಲೊಕಾಯಿಯ ಜನರಿಗೆ 1995ರಲ್ಲಿ ಹಿಂದಕ್ಕೆ ದೊರೆತದ್ದು ಅವರ ಬಲಗೈ. ಅದನ್ನು ಹಳೆಯ ಸಮಾಧಿಯಲ್ಲಿಯೇ ಇಟ್ಟರು. ಪರಮಪ್ರಸಾದವನ್ನೆತ್ತಿದ ಕೈಯೂ ಹುಣ್ಣನ್ನು ತೊಳೆದ ಕೈಯೂ ಅದೇ ಅಲ್ಲವೇ? ಪ್ರಿಯ ವಿದ್ಯಾರ್ಥಿನಿಯರೇ, ನಿಮ್ಮಲ್ಲಿ ದಾದಿಯರು, ಉಪಾಧ್ಯಾಯಿನಿಯರು, ತಾಯಂದಿರು ಇದ್ದೀರಿ. ದಿನಕ್ಕೆ ಕಾಲು ಗಂಟೆಯನ್ನಾದರೂ ದೇವರ ಸನ್ನಿಧಿಯಲ್ಲಿ ಸುಮ್ಮನೆ ಕುಳಿತುಕೊಳ್ಳಿರಿ. ಬಳಿಕ ಎದ್ದು, ಆ ದಿನ ನಿಮಗೆ ಒಪ್ಪಿಸಲ್ಪಟ್ಟವರ ಬಳಿಗೆ ಹೋಗಿರಿ. ದೇವರು ನಿಮ್ಮ ಕೈಗಳನ್ನು ಹರಸಲಿ.