ಡೇರೆಯೊಳಗಿನ ತಲೆನೋವನ್ನು ಕಡೆಗಣಿಸಬೇಡಿ

ಕೆಲವು ದಿನಗಳ ಹಿಂದೆ ರಕ್ತದೊತ್ತಡದ ತಪಾಸಣೆಗೆಂದು ಬಂದಿದ್ದ ಹಿರಿಯ ದಂಪತಿಗಳು ಎದ್ದು ಹೊರಡುವ ಮುನ್ನ ಒಂದು ಹೊಸ ಬಗೆಯ ಪ್ರಶ್ನೆ ಕೇಳಿದರು. ಅವರ ಮಗ ಅಮೆರಿಕದ ಮಿಷಿಗನ್ ರಾಜ್ಯದಲ್ಲಿ ಎಂಜಿನಿಯರ್. ಬೇಸಿಗೆಯಲ್ಲಿ ಇವರಿಬ್ಬರೂ ಅಲ್ಲಿಗೆ ಹೋಗುವವರಿದ್ದಾರೆ. ಆಗ ಮಗ, ಸೊಸೆ ಹಾಗೂ ಅವರ ಗೆಳೆಯರೆಲ್ಲ ಸೇರಿ ಬಯಲಿನಲ್ಲಿ ಮೂರು ದಿನ ನಡೆಯುವ 'ಕಂಟ್ರಿ ಮ್ಯೂಸಿಕ್' ಉತ್ಸವಕ್ಕೆ ಹೋಗಿ, ಅಲ್ಲಿಯೇ ಡೇರೆ ಹಾಕಿಕೊಂಡು ಉಳಿಯುವ ಯೋಜನೆ ಹಾಕಿದ್ದಾರಂತೆ.

"ನಮ್ಮ ಎಲ್ಲವ್ವನ ಜಾತ್ರಿ ಇದ್ದಂಗ ಅಲ್ಲೇನ್ರಿ ಡಾಕ್ಟರ್ರ? ನಾವೂ ಹೋಗಬಹುದೇನ್ರಿ?" ಎಂದರು ಯಜಮಾನರು.

"ಧಾರಾಳವಾಗಿ ಹೋಗಿ ಬನ್ನಿ. ಆದರೆ ಅಲ್ಲಿ ತಲೆನೋವು ಬಂದರೆ ಮಾತ್ರೆ ನುಂಗಿ ಮಲಗಬೇಡಿ, ಮೊದಲು ಡೇರೆಯಿಂದ ಹೊರಗೆ ಬನ್ನಿ" ಎಂದೆ. ಇಬ್ಬರೂ ಮುಖ ಮುಖ ನೋಡಿಕೊಂಡರು. ಅವರಿಗೆ ಹೇಳಿದ ವಿಷಯವನ್ನೇ ಈ ವಾರ ನಿಮ್ಮ ಮುಂದಿಡುತ್ತಿದ್ದೇನೆ. ಮಕ್ಕಳು ಹೊರದೇಶದಲ್ಲಿ ಇಲ್ಲದವರೂ ಓದಬೇಕಾದ ವಿಷಯವಿದು. ಏಕೆಂಬುದು ಮುಂದೆ ತಿಳಿಯುತ್ತದೆ.

ಏನಿದು ಉತ್ಸವ?

ಕಂಟ್ರಿ ಸಂಗೀತವೆಂದರೆ ಅಮೆರಿಕದ ಹಳ್ಳಿಗಾಡಿನ, ಅದರಲ್ಲೂ ದಕ್ಷಿಣದ ರಾಜ್ಯಗಳ ಜನರ ಹಾಡುಗಳಿಂದ ಬೆಳೆದುಬಂದ ಸಂಗೀತ. ಗಿಟಾರ್, ಬ್ಯಾಂಜೊ, ಪಿಟೀಲು ಇದರ ಮುಖ್ಯ ವಾದ್ಯಗಳು. ಟೆನೆಸಿ ರಾಜ್ಯದ ನ್ಯಾಶ್‌ವಿಲ್ ನಗರ ಇದರ ತವರುಮನೆಯಂತೆ. ಬೇಸಿಗೆ ಬಂತೆಂದರೆ ಅಲ್ಲಿನ ದೊಡ್ಡ ಬಯಲುಗಳಲ್ಲಿ ಈ ಸಂಗೀತದ ಉತ್ಸವಗಳು ಶುರುವಾಗುತ್ತವೆ. ಕ್ಯಾಲಿಫೋರ್ನಿಯಾದ ಇಂಡಿಯೊ ಎಂಬ ಮರುಭೂಮಿಯ ಊರಿನಲ್ಲಿ 2007ರಲ್ಲಿ ಆರಂಭವಾದ 'ಸ್ಟೇಜ್‌ಕೋಚ್', ಮಿನ್ನೆಸೋಟಾದ ಡೆಟ್ರಾಯಿಟ್ ಲೇಕ್ಸ್ ಎಂಬಲ್ಲಿ 1983ರಲ್ಲಿ ಆರಂಭವಾದ 'ವೀ ಫೆಸ್ಟ್' ಇವುಗಳಲ್ಲಿ ಹೆಸರಾದವು. ಸಾವಿರಾರು ಮಂದಿ ಕುಟುಂಬ ಸಮೇತ ಬಂದು ಡೇರೆಗಳಲ್ಲಿ, ಇಲ್ಲವೇ ಮಂಚ, ಅಡುಗೆಯ ಒಲೆ ಎಲ್ಲವೂ ಇರುವ ಟ್ರೇಲರ್ ಗಾಡಿಗಳಲ್ಲಿ ಬೀಡುಬಿಡುತ್ತಾರೆ. ಹಗಲೆಲ್ಲ ಬಿಸಿಲು, ಹಾಡು, ಊಟ, ಬಿಯರ್. ರಾತ್ರಿ ತಡವಾಗಿ ನಿದ್ರೆ.

ಯಜಮಾನರು ಜಾತ್ರೆಗೆ ಹೋಲಿಸಿದ್ದು ತಪ್ಪಲ್ಲ. ಆದರೆ ಒಂದು ಮುಖ್ಯ ವ್ಯತ್ಯಾಸವಿದೆ. ಸವದತ್ತಿಯ ಜಾತ್ರೆಗೆ ಬಂಡಿ ಕಟ್ಟಿಕೊಂಡು ಹೋದವರು ಬಂಡಿಯ ಕೆಳಗೋ ಮರದ ಬುಡದಲ್ಲೋ ಮಲಗುತ್ತಿದ್ದರು. ನಾಲ್ಕೂ ಕಡೆಯಿಂದ ಗಾಳಿ ಆಡುತ್ತಿತ್ತು. ಈಗಿನ ನೈಲಾನ್ ಡೇರೆಗಾದರೋ ಜಿಪ್ ಎಳೆದರೆ ಸಾಕು, ಅದು ಕಟ್ಟಿದ ಚೀಲದಂತಾಗುತ್ತದೆ. ಟ್ರೇಲರ್ ಅಂತೂ ಕಿಟಕಿ ಬಾಗಿಲು ಮುಚ್ಚಿದ ಪುಟ್ಟ ಕೋಣೆಯೇ.

ಒಂದು ದುರಂತ

2021ರ ಜುಲೈನಲ್ಲಿ ಮಿಷಿಗನ್ ರಾಜ್ಯದ ಬ್ರೂಕ್ಲಿನ್ ಬಳಿಯ ಕಾರು ಓಟದ ಮೈದಾನದಲ್ಲಿ 'ಫಾಸ್ಟರ್ ಹಾರ್ಸಸ್' ಎಂಬ ಕಂಟ್ರಿ ಸಂಗೀತೋತ್ಸವ ನಡೆಯುತ್ತಿತ್ತು. ಅಲ್ಲಿಗೆ ಬಂದು ಟ್ರೇಲರ್ ಒಂದರಲ್ಲಿ ತಂಗಿದ್ದ ಐವರು ಯುವಕರು ಶನಿವಾರ ಎಚ್ಚರವಿಲ್ಲದ ಸ್ಥಿತಿಯಲ್ಲಿ ಪತ್ತೆಯಾದರು. ಇಪ್ಪತ್ತರ ಆಸುಪಾಸಿನ ಮೂವರು ಆ ವೇಳೆಗಾಗಲೇ ಪ್ರಾಣ ಬಿಟ್ಟಿದ್ದರು. ಇನ್ನಿಬ್ಬರನ್ನು ಚಿಂತಾಜನಕ ಸ್ಥಿತಿಯಲ್ಲಿ ಆಸ್ಪತ್ರೆಗೆ ಸಾಗಿಸಲಾಯಿತು. ಬೆಂಕಿ ಬಿದ್ದಿರಲಿಲ್ಲ, ಹೊಡೆದಾಟವೂ ನಡೆದಿರಲಿಲ್ಲ. ಟ್ರೇಲರಿನ ತೀರ ಹತ್ತಿರ ಇರಿಸಿದ್ದ ಜನರೇಟರಿನ ಹೊಗೆಯಲ್ಲಿದ್ದ ಕಾರ್ಬನ್ ಮಾನಾಕ್ಸೈಡ್ ಅನಿಲ ಒಳಗೆ ಸೇರಿತ್ತು.

ಈ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಕಣ್ಣು ಉರಿಯುವುದಿಲ್ಲ, ಕೆಮ್ಮೂ ಬರುವುದಿಲ್ಲ. ಪೆಟ್ರೋಲ್, ಡೀಸೆಲ್, ಅಡುಗೆ ಅನಿಲ, ಸೌದೆ, ಇದ್ದಿಲು, ಹೀಗೆ ಯಾವುದೇ ಇಂಧನ ಸಾಕಷ್ಟು ಗಾಳಿಯಿಲ್ಲದೆ ಅರೆಬರೆ ಉರಿದಾಗ ಇದು ಹುಟ್ಟುತ್ತದೆ. ಸಾಗಿಸಬಹುದಾದ ಒಂದು ಜನರೇಟರ್ ನೂರಾರು ಕಾರುಗಳಷ್ಟು ಕಾರ್ಬನ್ ಮಾನಾಕ್ಸೈಡ್ ಉಗುಳಬಲ್ಲದೆಂದು ಅಮೆರಿಕದ ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗ ಎಚ್ಚರಿಸಿದೆ.

ದೇಹದೊಳಗೆ ಏನಾಗುತ್ತದೆ?

ನಮ್ಮ ರಕ್ತದ ಕೆಂಪು ಕಣಗಳಲ್ಲಿ ಹಿಮೋಗ್ಲೋಬಿನ್ ಎಂಬ ವಸ್ತುವಿದೆ. ಶ್ವಾಸಕೋಶದಿಂದ ಆಮ್ಲಜನಕವನ್ನು ಹೊತ್ತು ಮಿದುಳು, ಹೃದಯಗಳಿಗೆ ತಲುಪಿಸುವುದು ಇದರ ಕೆಲಸ. ಇದನ್ನು ಊರೂರಿಗೆ ಓಡಾಡುವ ಬಸ್ಸೆಂದು ಭಾವಿಸಿ. ಕಾರ್ಬನ್ ಮಾನಾಕ್ಸೈಡ್ ಎಂಬ ಪ್ರಯಾಣಿಕನಿಗೆ ಈ ಬಸ್ಸಿನ ಸೀಟಿನ ಮೇಲೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚಿನ ಹಿಡಿತ. ಒಮ್ಮೆ ಕುಳಿತನೆಂದರೆ ಸುಲಭವಾಗಿ ಏಳುವುದಿಲ್ಲ. ಬಸ್ಸು ಓಡುತ್ತಲೇ ಇರುತ್ತದೆ, ಆದರೆ ಆಮ್ಲಜನಕಕ್ಕೆ ಜಾಗವಿಲ್ಲ. ಉಸಿರಾಟ ನಡೆಯುತ್ತಿದ್ದರೂ ಮಿದುಳು ಮತ್ತು ಹೃದಯ ಉಪವಾಸ ಬೀಳುತ್ತವೆ.

ಮೊದಲು ತಲೆನೋವು, ತಲೆಸುತ್ತು, ವಾಕರಿಕೆ, ಸುಸ್ತು. ಆಮೇಲೆ ಮಂಕು ಕವಿದಂತಾಗಿ ಕಾಲಿನ ಶಕ್ತಿ ಉಡುಗುತ್ತದೆ. ಅಪಾಯವೆಂದು ತಿಳಿದರೂ ಎದ್ದು ಬಾಗಿಲು ತೆರೆಯಲು ಆಗದಿರಬಹುದು. ಕೊನೆಗೆ ಪ್ರಜ್ಞೆ ತಪ್ಪುತ್ತದೆ. ನಿದ್ರೆಯಲ್ಲಿದ್ದವರಿಗೆ ಈ ಮುನ್ಸೂಚನೆಗಳೂ ಗೊತ್ತಾಗುವುದಿಲ್ಲ. ಮದ್ಯ ಕುಡಿದು ಮಲಗಿದವರ ಪಾಡಂತೂ ಹೇಳಬೇಕಾಗಿಲ್ಲ. ಗರ್ಭಿಣಿಯರು, ಹೊಟ್ಟೆಯಲ್ಲಿರುವ ಮಗು, ಸಣ್ಣ ಮಕ್ಕಳು, ವೃದ್ಧರು ಹಾಗೂ ಹೃದ್ರೋಗಿಗಳಿಗೆ ಅಪಾಯ ಹೆಚ್ಚು.

ಮೂರು ಬಗೆಯ ತಲೆನೋವು

ಉತ್ಸವದ ಬಯಲಿನಲ್ಲಿ ತಲೆನೋವು ಬಂದರೆ ಯಾರೂ ಗಾಬರಿಯಾಗುವುದಿಲ್ಲ. 'ಬಿಸಿಲಿಗೆ ಬಂದಿದೆ', 'ನಿನ್ನೆ ರಾತ್ರಿ ಕುಡಿದದ್ದು ಜಾಸ್ತಿಯಾಯಿತು', 'ನಿದ್ದೆ ಸಾಲದು' ಎಂದು ಸಮಾಧಾನ ಹೇಳಿಕೊಳ್ಳುತ್ತಾರೆ. ಹೆಚ್ಚಿನ ಸಲ ಅದು ನಿಜವೂ ಆಗಿರುತ್ತದೆ. ಆದ್ದರಿಂದಲೇ ವ್ಯತ್ಯಾಸ ತಿಳಿದಿರಬೇಕು.

ಬಿಸಿಲಿನ ತಲೆನೋವು ಸಾಮಾನ್ಯವಾಗಿ ಹಗಲಿನಲ್ಲಿ, ಬಯಲಿನಲ್ಲಿ ನಿಂತಾಗ ಶುರುವಾಗುತ್ತದೆ. ಜೊತೆಗೆ ಬಹಳ ಬೆವರು, ಬಾಯಾರಿಕೆ, ಸ್ನಾಯುಗಳ ಸೆಳೆತ ಇರಬಹುದು. ನೆರಳಿಗೆ ಬಂದು ನೀರು ಅಥವಾ ಓ.ಆರ್.ಎಸ್. ಕುಡಿದು ವಿಶ್ರಮಿಸಿದರೆ ಇಳಿಯುತ್ತದೆ. ಆದರೆ ಮೈ ಸುಡುತ್ತಿದ್ದು, ವ್ಯಕ್ತಿ ಅಸಂಬದ್ಧವಾಗಿ ಮಾತನಾಡಿದರೆ ಅದು ಬಿಸಿಲಾಘಾತ. ಆಗ ದೇಹದ ಉಷ್ಣತೆ 104 ಡಿಗ್ರಿ ಫ್ಯಾರನ್‌ಹೀಟ್ ದಾಟಿರುತ್ತದೆ. ಇದಕ್ಕೆ ಜ್ವರದ ಮಾತ್ರೆ ಕೆಲಸ ಮಾಡದು. ಮೈಮೇಲೆ ತಣ್ಣೀರು ಸುರಿದು ಗಾಳಿ ಹಾಕಿ, ಕಂಕುಳು ಮತ್ತು ತೊಡೆಸಂದಿಗಳಲ್ಲಿ ಮಂಜುಗಡ್ಡೆಯ ಪೊಟ್ಟಣ ಇಟ್ಟು, ಕೂಡಲೇ ಆಂಬುಲೆನ್ಸ್ ಕರೆಸಬೇಕು. ಪ್ರಜ್ಞೆ ಮಸುಕಾದವರ ಬಾಯಿಗೆ ನೀರು ಹಾಕಬಾರದು.

ಮದ್ಯದ ತಲೆನೋವು ಮರುದಿನ ಬೆಳಿಗ್ಗೆಯದು. ಕುಡಿದವರಿಗೆ ಮಾತ್ರ ಬರುತ್ತದೆ.

ವಿಷಾನಿಲದ ತಲೆನೋವಿಗೆ ಮೂರು ಗುರುತುಗಳಿವೆ. ಒಂದು, ಅದು ಡೇರೆ ಅಥವಾ ಗಾಡಿಯ ಒಳಗಿದ್ದಾಗ ಹೆಚ್ಚಾಗಿ, ಹೊರಗೆ ಬಂದಾಗ ಕಡಿಮೆಯಾಗುತ್ತದೆ. ಎರಡು, ಒಂದೇ ಕಡೆ ಇದ್ದ ಇಬ್ಬರು ಮೂವರಿಗೆ ಒಟ್ಟಿಗೇ ಬರುತ್ತದೆ, ಕುಡಿಯದವರಿಗೂ ಮಕ್ಕಳಿಗೂ ಬರುತ್ತದೆ. ಮೂರು, ವಾಂತಿ ಸುಸ್ತು ಇದ್ದರೂ ಜ್ವರವಿರುವುದಿಲ್ಲ. ಈ ಗುರುತುಗಳಲ್ಲಿ ಒಂದು ಕಂಡರೂ ಎಲ್ಲರನ್ನೂ ಎಬ್ಬಿಸಿ ಹೊರಗೆ ಕರೆತನ್ನಿ. ಆಮೇಲೆ ಯೋಚಿಸಿ.

ನಾನೇ ಎಡವಿದ ಬಗೆ

ಈ ಮಾತನ್ನು ಪುಸ್ತಕ ಓದಿಯಷ್ಟೇ ಹೇಳುತ್ತಿಲ್ಲ. ಸುಮಾರು ಹದಿನೈದು ವರ್ಷಗಳ ಹಿಂದೆ, ಡಿಸೆಂಬರ್ ಚಳಿಯಲ್ಲಿ, ಒಬ್ಬ ಬಾಣಂತಿಯನ್ನು ಆಕೆಯ ತಾಯಿ ನನ್ನ ಬಳಿ ಕರೆತಂದಿದ್ದರು. ತಲೆನೋವು, ವಾಂತಿ. ರಕ್ತದೊತ್ತಡ ಸರಿಯಾಗಿತ್ತು, ಜ್ವರವಿರಲಿಲ್ಲ. ನಿದ್ದೆಗೆಟ್ಟದ್ದಕ್ಕೆ ಹೀಗಾಗಿರಬೇಕೆಂದು ಮಾತ್ರೆ ಬರೆದು ಕಳಿಸಿದೆ. ಹೊರಡುವಾಗ ಆ ತಾಯಿ "ನನಗೂ ಎರಡು ದಿನದಿಂದ ತಲೆ ಸಿಡೀತಾ ಇದೆ, ಒಂದು ಮಾತ್ರೆ ಕೊಡಿ ಸಾರ್" ಎಂದರು. ಅದನ್ನೂ ಕೊಟ್ಟೆ. ಇಬ್ಬರಿಗೂ ಏಕೆ ಒಟ್ಟಿಗೆ ಬಂತೆಂದು ಕೇಳಬೇಕೆಂದು ನನಗೆ ಹೊಳೆಯಲಿಲ್ಲ.

ಮರುದಿನ ಬೆಳಗಿನ ಜಾವ ಬಾಣಂತಿ ಎಚ್ಚರ ತಪ್ಪಿದ್ದಾಳೆಂದು ಕರೆ ಬಂತು. ಹೋಗಿ ನೋಡಿದರೆ ಗಾಳಿ ತಾಕಬಾರದೆಂದು ಕಿಟಕಿಯ ಸಂದುಗಳಿಗೆಲ್ಲ ಬಟ್ಟೆ ತುರುಕಿದ ಕೋಣೆ. ಮೂಲೆಯಲ್ಲಿ ಇದ್ದಿಲ ಕೆಂಡದ ಅಗ್ಗಿಷ್ಟಿಕೆ. ತಾಯಿ ಮಗುವನ್ನು ಹೊರಗೆ ತಂದು, ಆಮ್ಲಜನಕಕ್ಕಾಗಿ ಆಸ್ಪತ್ರೆಗೆ ಸಾಗಿಸಿದೆವು. ಇಬ್ಬರೂ ಉಳಿದರು. ಅಂದಿನಿಂದ ತಲೆನೋವೆಂದು ಬಂದವರನ್ನೆಲ್ಲ "ಮನೆಯಲ್ಲಿ ಮತ್ತೆ ಯಾರಿಗಾದರೂ ಇದೆಯೇ?" ಎಂದು ಕೇಳದೆ ನಾನು ಔಷಧಿ ಬರೆಯುವುದಿಲ್ಲ.

ಬಾಣಂತಿ ಕೋಣೆಯ ಅಗ್ಗಿಷ್ಟಿಕೆಗೂ ಅಮೆರಿಕದ ಡೇರೆಯ ಇದ್ದಿಲ ಒಲೆಗೂ ವ್ಯತ್ಯಾಸವಿಲ್ಲ. ಮರುಭೂಮಿಯಲ್ಲಿ ಹಗಲು ಎಷ್ಟು ಬಿಸಿಯೋ ರಾತ್ರಿ ಅಷ್ಟೇ ಚಳಿ. ಸಂಜೆ ಮಾಂಸವನ್ನೋ ಜೋಳವನ್ನೋ ಸುಟ್ಟ ಒಲೆಯಲ್ಲಿ ಜ್ವಾಲೆ ಆರಿದೆ, ಹೊಗೆಯೂ ಇಲ್ಲ, ಕಾವು ಮಾತ್ರ ಉಳಿದಿದೆ ಎಂದು ಡೇರೆಯೊಳಗೆ ಎಳೆದುಕೊಳ್ಳುವ ಆಸೆ ಸಹಜ. ಆದರೆ ಬೂದಿ ಮುಚ್ಚಿದ ಕೆಂಡವೂ ಗಂಟೆಗಟ್ಟಲೆ ಈ ಅನಿಲವನ್ನು ಉಗುಳುತ್ತಿರುತ್ತದೆ. ನಮ್ಮ ಊರುಗಳಲ್ಲಿ ಗಾಳಿಕಿಂಡಿಯಿಲ್ಲದ ಸ್ನಾನದ ಮನೆಯ ಗ್ಯಾಸ್ ಗೀಸರ್ ಮಾಡುವುದೂ ಇದೇ ಕೆಲಸ.

ಏನು ಮಾಡಬೇಕು?

• ಜನರೇಟರನ್ನು ಡೇರೆ ಅಥವಾ ಗಾಡಿಯಿಂದ ಕನಿಷ್ಠ 20 ಅಡಿ ದೂರದಲ್ಲಿಡಿ. ಹೊಗೆಯ ಕೊಳವೆ ಯಾರ ಬಿಡಾರದ ಕಡೆಗೂ ತಿರುಗಿರಬಾರದು. ಪಕ್ಕದವರ ಜನರೇಟರ್ ನಿಮ್ಮ ಕಿಟಕಿಗೆ ಹತ್ತಿರವಿದ್ದರೆ ಸಂಕೋಚ ಬಿಟ್ಟು ಹೇಳಿ. ಮಲಗುವ ಮುನ್ನ ನಿಮ್ಮದನ್ನು ಆರಿಸಿಬಿಡಿ.

• ಇದ್ದಿಲ ಒಲೆ, ಗ್ಯಾಸ್ ಒಲೆ, ಗ್ಯಾಸ್ ಹೀಟರ್ ಯಾವುದೂ ಡೇರೆಯೊಳಗೆ ಬೇಡ. ಮಳೆ ಬಂದರೂ ಬೇಡ. ಕಿಟಕಿಯನ್ನು ಸ್ವಲ್ಪ ತೆರೆದಿಟ್ಟರೆ ಸಾಕೆಂಬ ಭಾವನೆ ತಪ್ಪು. ಚಳಿಗೆ ಉಣ್ಣೆಯ ಬಟ್ಟೆ, ಕಂಬಳಿ ಇರಲಿ.

• ಎ.ಸಿ.ಗಾಗಿ ಕಾರಿನ ಎಂಜಿನ್ ಚಾಲೂ ಇಟ್ಟು ಒಳಗೆ ನಿದ್ರಿಸಬೇಡಿ.

• ಬ್ಯಾಟರಿಯಿಂದ ನಡೆಯುವ ಕಾರ್ಬನ್ ಮಾನಾಕ್ಸೈಡ್ ಅಲಾರಂ ಅಂಗಡಿಗಳಲ್ಲಿ ಸಿಗುತ್ತದೆ. ಒಂದನ್ನು ಕೊಂಡು ಮಲಗುವ ಜಾಗದಲ್ಲಿಡಿ. ಮಗ ಸಂಗೀತೋತ್ಸವದ ಟಿಕೆಟ್ಟಿಗೆ ಕೊಡುವ ಹಣದ ಮುಂದೆ ಇದರ ಬೆಲೆ ಏನೂ ಅಲ್ಲ.

• ರಕ್ತದೊತ್ತಡಕ್ಕೆ ಮೂತ್ರ ಹೆಚ್ಚಿಸುವ ಮಾತ್ರೆ ತೆಗೆದುಕೊಳ್ಳುವವರು ಬಿಸಿಲಿಗೆ ಬೇಗ ಬಳಲುತ್ತಾರೆ. ಹೊರಡುವ ಮುನ್ನ ನಿಮ್ಮ ವೈದ್ಯರನ್ನು ಕೇಳಿ. ಮಾತ್ರೆಯನ್ನು ತಾವಾಗಿಯೇ ನಿಲ್ಲಿಸಬೇಡಿ. ಟೋಪಿ, ನೀರಿನ ಬಾಟಲಿ, ಓ.ಆರ್.ಎಸ್. ಪುಡಿ, ಕಿವಿಗೆ ಇಟ್ಟುಕೊಳ್ಳುವ ಸ್ಪಂಜಿನ ಬಿರಡೆ ಕೈಚೀಲದಲ್ಲಿರಲಿ.

ಯಾರಾದರೂ ಅನಿಲದಿಂದ ಎಚ್ಚರ ತಪ್ಪಿದರೆ ಅವರನ್ನು ಬಯಲಿಗೆ ಎಳೆದು ತನ್ನಿ. ನೀವು ಒಳಗೆ ಹೋಗುವಾಗ ಉಸಿರು ಬಿಗಿಹಿಡಿದು, ಬಾಗಿಲು ತೆರೆದಿಟ್ಟು, ಬೇಗ ಹೊರಗೆ ಬನ್ನಿ. ಉಸಿರಾಟವಿದ್ದರೆ ಮಗ್ಗುಲಾಗಿ ಮಲಗಿಸಿ. ಇಲ್ಲದಿದ್ದರೆ ಎದೆ ಒತ್ತಲು ಆರಂಭಿಸಿ. ಅಮೆರಿಕದಲ್ಲಿ 911ಕ್ಕೆ, ನಮ್ಮಲ್ಲಿ 108 ಅಥವಾ 112ಕ್ಕೆ ಕರೆ ಮಾಡಿ.

ಬೆರಳಿಗೆ ಹಾಕುವ ಯಂತ್ರವನ್ನು ನಂಬಬೇಡಿ

2020ರ ಕೋವಿಡ್ ಕಾಲದಿಂದ ಆಮ್ಲಜನಕ ಅಳೆಯುವ ಪಲ್ಸ್ ಆಕ್ಸಿಮೀಟರ್ ಅನೇಕರ ಮನೆ ಸೇರಿದೆ. ಈ ಅನಿಲದ ವಿಷಯದಲ್ಲಿ ಅದು ಮೋಸ ಹೋಗುತ್ತದೆ. ಅನಿಲ ಹೊತ್ತ ಹಿಮೋಗ್ಲೋಬಿನ್‌ಗೂ ಆಮ್ಲಜನಕ ಹೊತ್ತ ಹಿಮೋಗ್ಲೋಬಿನ್‌ಗೂ ವ್ಯತ್ಯಾಸ ಗುರುತಿಸಲಾರದೆ 98 ಎಂದು ತೋರಿಸಬಹುದು. ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆಯಿಂದ ಮಾತ್ರ ನಿಜ ತಿಳಿಯುತ್ತದೆ. ಚಿಕಿತ್ಸೆಯೆಂದರೆ ಶುದ್ಧ ಆಮ್ಲಜನಕ. ಬರೀ ಗಾಳಿ ಉಸಿರಾಡಿದರೆ ರಕ್ತದಲ್ಲಿನ ಅನಿಲ ಅರ್ಧಕ್ಕೆ ಇಳಿಯಲು ನಾಲ್ಕೈದು ಗಂಟೆ ಬೇಕು. ಮುಖವಾಡದ ಮೂಲಕ ಶುದ್ಧ ಆಮ್ಲಜನಕ ಕೊಟ್ಟರೆ ಒಂದು, ಒಂದೂವರೆ ಗಂಟೆ ಸಾಕು. ಆದ್ದರಿಂದ ಹೊರಗೆ ಬಂದ ಮೇಲೆ ಹಾಯೆನಿಸಿದರೂ ಆಸ್ಪತ್ರೆಗೆ ಹೋಗಲೇಬೇಕು. ಕೆಲವರಲ್ಲಿ ಗುಣವಾದಂತೆ ಕಂಡು, ದಿನಗಳೋ ವಾರಗಳೋ ಕಳೆದ ಮೇಲೆ ಮರೆವು, ನಡಿಗೆಯ ತೊಂದರೆ, ಸ್ವಭಾವದಲ್ಲಿ ಬದಲಾವಣೆ ಕಾಣಿಸಿಕೊಳ್ಳುವುದುಂಟು.

ಇಷ್ಟೆಲ್ಲ ಕೇಳಿದ ಮೇಲೆ ಯಜಮಾನರ ಪತ್ನಿ, "ಹಂಗಾರ ಹೋಗೂದ ಬ್ಯಾಡೇನ್ರಿ?" ಎಂದು ಕೇಳಿದರು. ಖಂಡಿತ ಹೋಗಬೇಕು. ಮಕ್ಕಳ ಜೊತೆ ಬಯಲಿನಲ್ಲಿ ಕುಳಿತು ಹಾಡು ಕೇಳುವುದು ಆರೋಗ್ಯಕ್ಕೆ ಒಳ್ಳೆಯದೇ. ಇಂದೇ ಮಗನಿಗೆ ಫೋನ್ ಮಾಡಿ, ಜನರೇಟರ್ ಎಲ್ಲಿಡುತ್ತಾರೆ, ಅಲಾರಂ ಕೊಂಡಿದ್ದಾರೆಯೇ ಎಂಬ ಎರಡು ಪ್ರಶ್ನೆ ಕೇಳಿ ಎಂದೆ. ಓದುಗರೇ, ಆ ಫೋನ್ ಮಾಡುವ ಅಗತ್ಯವಿಲ್ಲದಿದ್ದರೆ ನಿಮ್ಮ ಸ್ನಾನದ ಮನೆಯ ಗಾಳಿಕಿಂಡಿ ತೆರೆದಿದೆಯೇ ಎಂದು ಇಂದೇ ಒಮ್ಮೆ ನೋಡಿಬಿಡಿ.